ಪಾಲಿಸಿಗೆ ರೈಡರ್ ಸೇರಿಸುವ ಮೊದಲು: ಕಾಸರಗೋಡಿನ ಕನ್ನಡಿಗರಿಗೆ ಒಂದು ಮಾರ್ಗದರ್ಶಿ

ಮಂಜೇಶ್ವರ, ಕುಂಬಳೆ, ಬದಿಯಡ್ಕ, ಮುಳ್ಳೇರಿಯ ಕಡೆಯ ಓದುಗರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು: "ಏಜೆಂಟರು ಪಾಲಿಸಿ ಜೊತೆ ರೈಡರ್ ಹಾಕಿಸಿ ಅಂತಾರೆ. ಹಾಕಿಸಬೇಕಾ? ಹಾಕಿಸುವುದಾದರೆ ಯಾವುದು?" ಕೆಲವರ ಪ್ರಶ್ನೆ ಇದಕ್ಕಿಂತ ನೋವಿನದು: "ರೈಡರ್ ಇತ್ತು, ಆದರೂ ಹಣ ಬರಲಿಲ್ಲ. ಯಾಕೆ?"

ಎರಡನೇ ಪ್ರಶ್ನೆಗೆ ಉತ್ತರ ತಿಳಿದರೆ ಮೊದಲನೆಯದು ಅರ್ಧ ಬಗೆಹರಿದ ಹಾಗೆ. ಕಂಪನಿ ಹಣ ಕೊಡುವಾಗ ರೈಡರಿನ ಹೆಸರು ನೋಡುವುದಿಲ್ಲ. ಅದರೊಳಗೆ ಬರೆದಿರುವ ವ್ಯಾಖ್ಯೆ ನೋಡುತ್ತದೆ. "ಅಪಘಾತ" ಅಂದರೆ ಯಾವುದು, "ಅಂಗವೈಕಲ್ಯ" ಅಂದರೆ ಎಷ್ಟು, "ಕ್ಯಾನ್ಸರ್" ಅಂದರೆ ಯಾವ ಹಂತದ್ದು ಎಂದು ಅಲ್ಲಿ ಬರೆದಿರುತ್ತದೆ. ಸಹಿ ಹಾಕುವ ಮೊದಲು ಆ ಒಂದೆರಡು ಪುಟ ಓದಿಸಿಕೊಂಡವರು ತುಂಬಾ ಕಡಿಮೆ. ಈ ಲೇಖನ ಬರೆಯುತ್ತಿರುವುದೇ ಅದಕ್ಕಾಗಿ.

ರೈಡರ್ ಅಂದರೆ ಏನು?

ಜೀವ ವಿಮೆಯ ಮೂಲ ಪಾಲಿಸಿಗೆ ಸ್ವಲ್ಪ ಹೆಚ್ಚು ಪ್ರೀಮಿಯಂ ಕೊಟ್ಟು ಸೇರಿಸಿಕೊಳ್ಳುವ ಹೆಚ್ಚುವರಿ ರಕ್ಷಣೆಯೇ ರೈಡರ್. ಬೇಕಾದರೆ ತೆಗೆದುಕೊಳ್ಳಬಹುದು, ಬೇಡವಾದರೆ ಬಿಡಬಹುದು, ಕಡ್ಡಾಯವೇನಲ್ಲ. ಅದು ಒಂಟಿಯಾಗಿ ಸಿಗುವುದಿಲ್ಲ. ಅಡಿಕೆ ಮರಕ್ಕೆ ಹಬ್ಬಿಸಿದ ಕರಿಮೆಣಸಿನ ಬಳ್ಳಿಯ ಹಾಗೆ ಅದು. ಬಳ್ಳಿಯ ಫಸಲು ಬೇರೆ, ಆದರೆ ಮರ ಬಿದ್ದರೆ ಬಳ್ಳಿಯೂ ಬಿತ್ತು. ಮೂಲ ಪಾಲಿಸಿ ನಿಂತುಹೋದರೆ ರೈಡರ್ ಕೂಡ ನಿಲ್ಲುತ್ತದೆ.

ಶುರು ಮಾಡುವ ಮೊದಲು ಕೈಯಲ್ಲಿರಬೇಕಾದದ್ದು

ಈಗಾಗಲೇ ಇರುವ ಎಲ್ಲ ಪಾಲಿಸಿಗಳ ಬಾಂಡ್ (ಪಾಲಿಸಿ ಪತ್ರ), ಬ್ಯಾಂಕ್ ಪಾಸ್‌ಬುಕ್, ಆಧಾರ್, ಪ್ಯಾನ್, ಹಳೆಯ ಆಸ್ಪತ್ರೆ ಕಾಗದಗಳು. ಹೊಸದಾಗಿ ಕೊಳ್ಳುವುದಾದರೆ ಏಜೆಂಟರು ಕೊಟ್ಟ ಪ್ರೀಮಿಯಂ ಲೆಕ್ಕದ ಹಾಳೆ. ಜೊತೆಗೆ ಆ ರೈಡರಿನ ಪೂರ್ಣ ಷರತ್ತುಗಳ ಪ್ರತಿ. ಬಣ್ಣದ ಕರಪತ್ರ ಸಾಕಾಗುವುದಿಲ್ಲ. ಪ್ರತಿ ರೈಡರಿಗೂ ಯು.ಐ.ಎನ್. ಎಂಬ ಪ್ರತ್ಯೇಕ ಗುರುತಿನ ಸಂಖ್ಯೆ ಇರುತ್ತದೆ. ಅದನ್ನು ಕೇಳಿ ಪಡೆದು ಕಂಪನಿಯ ವೆಬ್‌ಸೈಟಿನಲ್ಲಿ ಹುಡುಕಿದರೆ ಪೂರ್ತಿ ಷರತ್ತು ಸಿಗುತ್ತದೆ. "ಷರತ್ತಿನ ಪ್ರತಿ ಆಮೇಲೆ ಬಾಂಡ್ ಜೊತೆ ಬರುತ್ತೆ" ಎಂದರೆ ಒಪ್ಪಬೇಡಿ. ಅದನ್ನು ಓದಬೇಕಾದದ್ದು ಈಗ.

ಹಂತ 1: ಮೂಲ ಪಾಲಿಸಿ ಸಾಲುತ್ತದೆಯೇ ನೋಡಿ

ಅನೇಕರು ತಪ್ಪುವುದು ಇಲ್ಲೇ. 2 ಲಕ್ಷದ ಎಂಡೋಮೆಂಟ್ ಪಾಲಿಸಿ, ಅಂದರೆ ಉಳಿತಾಯವೂ ವಿಮೆಯೂ ಸೇರಿದ ಪಾಲಿಸಿ ಇರುತ್ತದೆ. ಅದಕ್ಕೆ ಮೂರು ರೈಡರ್ ಹಾಕಿಸಿ ಸಮಾಧಾನಪಟ್ಟುಕೊಳ್ಳುತ್ತಾರೆ. ಆದರೆ ಯಾವ ರೈಡರಿನ ಮೊತ್ತವೂ ಮೂಲ ಪಾಲಿಸಿಯ ವಿಮಾ ಮೊತ್ತವನ್ನು ಮೀರುವಂತಿಲ್ಲ. ಅದು ನಿಯಮ. 2 ಲಕ್ಷದ ಪಾಲಿಸಿಗೆ ಅಪಘಾತ ರೈಡರ್ ಸೇರಿಸಿದರೆ ಹೆಚ್ಚೆಂದರೆ ಇನ್ನೊಂದು 2 ಲಕ್ಷ. ಮನೆ ಸಾಲ, ಮಕ್ಕಳ ಓದು, ತೋಟದ ಸಾಲ ಇರುವ ಮನೆಗೆ ಇದು ಎಲ್ಲಿಗೆ ಸಾಕು?

ಮನೆ ನಡೆಸುವವರು ಇಲ್ಲವಾದರೆ ಎಷ್ಟು ಬೇಕಾಗುತ್ತದೆ ಎಂದು ಮೊದಲು ಲೆಕ್ಕ ಹಾಕಿ. ಆ ಮೊತ್ತಕ್ಕೆ ಟರ್ಮ್ ಪಾಲಿಸಿ ಮಾಡಿಸಿ. ಟರ್ಮ್ ಪಾಲಿಸಿ ಅಂದರೆ ಉಳಿತಾಯವಿಲ್ಲದ, ಸಾವಿನ ರಕ್ಷಣೆ ಮಾತ್ರ ಇರುವ ಪಾಲಿಸಿ. ರೈಡರ್ ಬಗ್ಗೆ ಯೋಚಿಸುವುದು ಅದಾದ ಮೇಲೆ. ಯಾರಾದರೂ ಈ ಕ್ರಮ ತಿರುಗಿಸಿ ಹೇಳಿದರೆ ನನಗೆ ಅನುಮಾನ ಬರುತ್ತದೆ, ನಿಮಗೂ ಬರಬೇಕು.

ಹಂತ 2: ಈಗಾಗಲೇ ಏನಿದೆ ಎಂದು ಪಟ್ಟಿ ಮಾಡಿ

ಪಾಸ್‌ಬುಕ್ ತೆಗೆದು ನೋಡಿ. ವರ್ಷಕ್ಕೆ 20 ರೂಪಾಯಿ ಕಟ್ ಆಗಿದ್ದರೆ ಅದು ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆ. 18ರಿಂದ 70 ವರ್ಷದವರಿಗೆ ಅಪಘಾತದ ಸಾವು ಅಥವಾ ಸಂಪೂರ್ಣ ಅಂಗವೈಕಲ್ಯಕ್ಕೆ 2 ಲಕ್ಷ. ಒಂದು ಕಣ್ಣು, ಒಂದು ಕೈ ಅಥವಾ ಒಂದು ಕಾಲು ಕಳೆದುಕೊಂಡರೆ 1 ಲಕ್ಷ. 436 ರೂಪಾಯಿ ಕಟ್ ಆಗಿದ್ದರೆ ಜೀವನ್ ಜ್ಯೋತಿ ಬಿಮಾ ಯೋಜನೆ. ಅದು ಯಾವ ಕಾರಣದ ಸಾವಿಗೂ 2 ಲಕ್ಷ ಕೊಡುತ್ತದೆ. ಸೇರಲು 18ರಿಂದ 50 ವಯಸ್ಸು.

ಎರಡೂ ಇಲ್ಲದಿದ್ದರೆ ನಾಳೆಯೇ ನಿಮ್ಮ ಬ್ಯಾಂಕ್ ಶಾಖೆಗೆ ಹೋಗಿ ಸೇರಿಕೊಳ್ಳಿ. ಇಷ್ಟು ಅಗ್ಗದ ರಕ್ಷಣೆ ಇನ್ನೆಲ್ಲೂ ಸಿಗುವುದಿಲ್ಲ.

ಗಲ್ಫ್‌ಗೆ ಹೋಗುವವರು ಇನ್ನೊಂದು ನೋಡಬೇಕು. ಎಮಿಗ್ರೇಷನ್ ಕ್ಲಿಯರೆನ್ಸ್ (ಕೆಲಸಕ್ಕೆ ವಿದೇಶಕ್ಕೆ ಹೋಗಲು ಸರ್ಕಾರದ ಅನುಮತಿ) ಬೇಕಾದ ಪಾಸ್‌ಪೋರ್ಟಿನಲ್ಲಿ ಹೋದ ಕೆಲಸಗಾರರಿಗೆ ಪ್ರವಾಸಿ ಭಾರತೀಯ ಬಿಮಾ ಯೋಜನೆ ಕಡ್ಡಾಯ. ಅದರಲ್ಲಿ ಅಪಘಾತದ ಸಾವು ಮತ್ತು ಶಾಶ್ವತ ಅಂಗವೈಕಲ್ಯಕ್ಕೆ 10 ಲಕ್ಷದ ರಕ್ಷಣೆ ಇದೆ. ಆ ಕಾಗದ ಮನೆಯಲ್ಲಿ ಎಲ್ಲಿದೆ ಎಂದು ಊರಲ್ಲಿರುವವರಿಗೆ ಗೊತ್ತಿರಲಿ. ತೆಂಗಿನ ಮರ ಹತ್ತುವವರಿಗೆ ತೆಂಗು ಅಭಿವೃದ್ಧಿ ಮಂಡಳಿಯ ಕೇರ ಸುರಕ್ಷಾ ವಿಮೆ ಇದೆ. ಅದನ್ನೂ ವಿಚಾರಿಸಿ.

ಈ ಪಟ್ಟಿ ಎದುರಿಗಿದ್ದರೆ ಎಲ್ಲಿ ತೂತು ಇದೆ ಎಂದು ಕಾಣುತ್ತದೆ. ರೈಡರ್ ಬೇಕಾದದ್ದು ಆ ತೂತು ಮುಚ್ಚಲು.

ಹಂತ 3: ಒಂದೊಂದು ರೈಡರನ್ನೂ ಬಿಡಿಸಿ ನೋಡಿ

*ಅಪಘಾತ ರೈಡರ್.* ನಮ್ಮ ಕಡೆ ಹೆಚ್ಚು ಜನ ತೆಗೆದುಕೊಳ್ಳುವುದು ಇದನ್ನೇ. ಕಾರಣವೂ ಇದೆ. ರಾಷ್ಟ್ರೀಯ ಹೆದ್ದಾರಿ 66ರಲ್ಲಿ ದಿನಾ ಬೈಕಿನಲ್ಲಿ ಮಂಗಳೂರಿಗೆ ಹೋಗಿ ಬರುವವರು ಎಷ್ಟು ಜನ ಇಲ್ಲ? ಮಳೆಗಾಲದಲ್ಲಿ ಅಡಿಕೆ ಮರ ಹತ್ತಿ ಮದ್ದು ಬಿಡುವವರು, ಗೊನೆ ತೆಗೆಯುವವರು, ಬಾವಿ ಮತ್ತು ಸುರಂಗ ತೋಡುವವರು, ಎಲ್ಲರಿಗೂ ಅಪಾಯ ನಿಜವಾದದ್ದೇ.

ಆದರೆ ಹೆಸರಿನಲ್ಲೇ ಮೋಸ ಹೋಗಬಹುದು. ಎಲ್.ಐ.ಸಿ.ಯನ್ನೇ ತೆಗೆದುಕೊಳ್ಳಿ. ಅಲ್ಲಿ "ಆಕ್ಸಿಡೆಂಟ್ ಬೆನಿಫಿಟ್ ರೈಡರ್" ಮತ್ತು "ಆಕ್ಸಿಡೆಂಟಲ್ ಡೆತ್ ಆಂಡ್ ಡಿಸೆಬಿಲಿಟಿ ಬೆನಿಫಿಟ್ ರೈಡರ್" ಎಂದು ಎರಡಿವೆ. ಮೊದಲನೆಯದು ಅಪಘಾತದ ಸಾವಿಗೆ ಮಾತ್ರ. ಎರಡನೆಯದು ಸಾವಿಗೂ ಅಂಗವೈಕಲ್ಯಕ್ಕೂ. ಮರ ಹತ್ತುವ ಕೆಲಸದವರಿಗೆ ಸಾವಿಗಿಂತ ಬೆನ್ನುಮೂಳೆ ಮುರಿದು ಮಲಗುವ ಭಯ ಜಾಸ್ತಿ ಅಲ್ವಾ? ಹಾಗಿರುವಾಗ ಮೊದಲನೆಯದನ್ನು ಹಾಕಿಸಿ "ಅಪಘಾತಕ್ಕೆ ವಿಮೆ ಇದೆ" ಎಂದು ಕುಳಿತರೆ ಬೇಕಾದ ಹೊತ್ತಿಗೆ ಏನೂ ಸಿಗದು.

ಎರಡನೆಯದರಲ್ಲೂ ಷರತ್ತು ಇದೆ. ಅಂಗವೈಕಲ್ಯ ಸಂಪೂರ್ಣವಾಗಿರಬೇಕು, ಶಾಶ್ವತವೂ ಆಗಿರಬೇಕು. ಎರಡೂ ಕಣ್ಣು ಹೋಗುವುದು, ಎರಡೂ ಕೈ ಅಥವಾ ಎರಡೂ ಪಾದ ತುಂಡಾಗುವುದು, ಒಂದು ಕೈ ಒಂದು ಪಾದ ಹೋಗುವುದು, ಅಥವಾ ಮುಂದೆಂದೂ ಯಾವ ಕೆಲಸವನ್ನೂ ಮಾಡಿ ದುಡಿಯಲಾಗದ ಸ್ಥಿತಿ. ಕಾಲು ಮುರಿದು ಆರು ತಿಂಗಳು ಮಲಗಿದ್ದು ಇದರಲ್ಲಿ ಬರುವುದಿಲ್ಲ. ಅಂಥ ತಾತ್ಕಾಲಿಕ ನಷ್ಟಕ್ಕೆ ಜನರಲ್ ಇನ್ಶೂರೆನ್ಸ್, ಅಂದರೆ ಜೀವ ವಿಮೆ ಅಲ್ಲದ ವಿಮಾ ಕಂಪನಿಗಳ ವೈಯಕ್ತಿಕ ಅಪಘಾತ ಪಾಲಿಸಿ ಬೇರೆಯೇ ಇದೆ. ಕೂಲಿ ಮಾಡಿ ಬದುಕುವವರಿಗೆ ಅದೇ ಹೆಚ್ಚು ಉಪಯೋಗ ಎಂದು ನನ್ನ ಅಭಿಪ್ರಾಯ.

ಹಣ ಬರುವ ರೀತಿಯನ್ನೂ ಕೇಳಿ. ಎಲ್.ಐ.ಸಿ.ಯ ಈ ರೈಡರಿನಲ್ಲಿ ಅಂಗವೈಕಲ್ಯದ ಮೊತ್ತ ಒಟ್ಟಿಗೆ ಬರುವುದಿಲ್ಲ, 10 ವರ್ಷ ತಿಂಗಳು ತಿಂಗಳು ಹಂಚಿ ಬರುತ್ತದೆ. 10 ಲಕ್ಷದ ರೈಡರ್ ಆದರೆ ತಿಂಗಳಿಗೆ ಸುಮಾರು 8,333 ರೂಪಾಯಿ. ಮನೆ ಖರ್ಚಿಗೆ ಒಳ್ಳೆಯದೇ, ಆಪರೇಷನ್ ಖರ್ಚಿಗೆ ಆಗದು.

ಇನ್ನೂ ಒಂದು ಗಡುವು ನೆನಪಿರಲಿ. ಅಪಘಾತ ಆದ 180 ದಿನದೊಳಗೆ ಸಾವು ಅಥವಾ ವೈಕಲ್ಯ ಆಗಿರಬೇಕು ಎಂಬ ಷರತ್ತು ಮಾಮೂಲಿ.

ಹಣ ಸಿಗದ ಸಂದರ್ಭಗಳ ಪಟ್ಟಿಯನ್ನು ಮನೆಯವರೆಲ್ಲ ಓದಬೇಕು. ಮದ್ಯ ಅಥವಾ ಮಾದಕ ವಸ್ತುವಿನ ಅಮಲಿನಲ್ಲಿ ಆದ ಅಪಘಾತ, ತಾನೇ ಮಾಡಿಕೊಂಡ ಗಾಯ, ಅಪರಾಧ ಮಾಡುವಾಗ ಆದದ್ದು, ಯುದ್ಧ, ಅಪಾಯಕಾರಿ ಕ್ರೀಡೆ ಇವು ಹೆಚ್ಚುಕಡಿಮೆ ಎಲ್ಲ ಕಡೆ ಹೊರಗೆ. ವಾಹನ ಓಡಿಸುವಾಗ ಆದ ಅಪಘಾತವಾದರೆ ಡ್ರೈವಿಂಗ್ ಲೈಸೆನ್ಸ್ ಕೇಳುತ್ತಾರೆ. ಲೈಸೆನ್ಸ್ ಅವಧಿ ಮುಗಿದಿದ್ದರೆ ಇವತ್ತೇ ನವೀಕರಿಸಿ.

*ಗಂಭೀರ ಕಾಯಿಲೆ ರೈಡರ್.* ಕ್ರಿಟಿಕಲ್ ಇಲ್‌ನೆಸ್ ರೈಡರ್ ಎಂದು ಬರೆದಿರುತ್ತದೆ. ಪಟ್ಟಿಯಲ್ಲಿರುವ ಕಾಯಿಲೆ ಬಂದರೆ ಒಂದೇ ಗಂಟು ಮೊತ್ತ ಕೊಡುತ್ತದೆ. ಇದು ಆಸ್ಪತ್ರೆ ಬಿಲ್ ತುಂಬುವ ಆರೋಗ್ಯ ವಿಮೆ ಅಲ್ಲ. ಬಿಲ್ ಎಷ್ಟೇ ಆಗಲಿ, ನಿಗದಿಯಾದ ಮೊತ್ತ ಬರುತ್ತದೆ. ಅದನ್ನು ಚಿಕಿತ್ಸೆಗೂ ಬಳಸಬಹುದು, ಸಾಲಕ್ಕೂ ಕಟ್ಟಬಹುದು, ಮಂಗಳೂರಿನ ಆಸ್ಪತ್ರೆಯ ಹತ್ತಿರ ರೂಮು ಮಾಡಿಕೊಂಡು ತಿಂಗಳುಗಟ್ಟಲೆ ಇರಬೇಕಾದಾಗಲೂ ಖರ್ಚು ಮಾಡಬಹುದು.

ಇದರಲ್ಲಿ ಕೇಳಲೇಬೇಕಾದ ನಾಲ್ಕು ಪ್ರಶ್ನೆಗಳಿವೆ.

ಪಟ್ಟಿಯಲ್ಲಿ ಏನೇನಿದೆ? ಎಲ್.ಐ.ಸಿ.ಯ ರೈಡರಿನಲ್ಲಿ 15 ಕಾಯಿಲೆಗಳಿವೆ. ಬೇರೆ ಕಂಪನಿಗಳಲ್ಲಿ ಇನ್ನೂ ಉದ್ದದ ಪಟ್ಟಿ ಸಿಗಬಹುದು. ಉದ್ದ ನೋಡಿ ಮರುಳಾಗಬೇಡಿ. ಕ್ಯಾನ್ಸರ್, ಹೃದಯಾಘಾತ, ಬೈಪಾಸ್, ಪಾರ್ಶ್ವವಾಯು, ಡಯಾಲಿಸಿಸ್ ಬೇಕಾಗುವ ಕಿಡ್ನಿ ವೈಫಲ್ಯ, ಅಂಗಾಂಗ ಕಸಿ ಇವು ಇವೆಯೇ ನೋಡಿ.

ಯಾವ ಹಂತಕ್ಕೆ ಹಣ? ಇಲ್ಲೇ ಜಾಸ್ತಿ ಜನರಿಗೆ ನಿರಾಸೆ ಆಗುವುದು. "ನಿರ್ದಿಷ್ಟ ತೀವ್ರತೆಯ ಕ್ಯಾನ್ಸರ್" ಎಂದು ಬರೆದಿದ್ದರೆ, ಹುಟ್ಟಿದ ಜಾಗದಲ್ಲೇ ಇರುವ, ಹರಡದ ಆರಂಭಿಕ ಹಂತದ ಕ್ಯಾನ್ಸರ್ ಅದರಲ್ಲಿ ಸೇರುವುದಿಲ್ಲ. "ಎದೆ ತೆರೆದು ಮಾಡುವ ಬೈಪಾಸ್" ಎಂದಿದ್ದರೆ ಸ್ಟೆಂಟ್ ಹಾಕುವ ಆಂಜಿಯೋಪ್ಲಾಸ್ಟಿ ಸೇರುವುದಿಲ್ಲ. ಪಾರ್ಶ್ವವಾಯು ಶಾಶ್ವತ ಲಕ್ಷಣ ಉಳಿಸಿರಬೇಕು. ಕೆಲವು ಕಂಪನಿಗಳು ಆರಂಭಿಕ ಹಂತಕ್ಕೂ ಮೊತ್ತದ ಒಂದು ಭಾಗ ಕೊಡುತ್ತವೆ. ಪ್ರೀಮಿಯಂ ಹೋಲಿಸುವಾಗ ಈ ವ್ಯತ್ಯಾಸವನ್ನೂ ಹೋಲಿಸಿ.

ಎಷ್ಟು ದಿನ ಕಾಯಬೇಕು? ಕಾಯುವ ಅವಧಿ ಸಾಮಾನ್ಯವಾಗಿ 90 ದಿನ. ರೈಡರ್ ಶುರುವಾಗಿ 90 ದಿನದೊಳಗೆ ಕಾಯಿಲೆ ಪತ್ತೆಯಾದರೆ ಹಣ ಇಲ್ಲ. ಬದುಕುಳಿಯುವ ಅವಧಿ ಎಂಬುದೂ ಇರುತ್ತದೆ, ಅದು ಹೆಚ್ಚಾಗಿ 30 ದಿನ. ಕಾಯಿಲೆ ಪತ್ತೆಯಾದ ಮೇಲೆ ಅಷ್ಟು ದಿನ ರೋಗಿ ಬದುಕಿದ್ದರೆ ಮಾತ್ರ ರೈಡರಿನ ಮೊತ್ತ. ಹೃದಯಾಘಾತವಾಗಿ ವಾರದಲ್ಲಿ ತೀರಿಕೊಂಡರೆ ಮೂಲ ಪಾಲಿಸಿಯ ಹಣ ಬರುತ್ತದೆ, ಈ ರೈಡರಿನದ್ದು ಬರುವುದಿಲ್ಲ.

ಮೊತ್ತ ಬೇರೆಯಾಗಿ ಬರುತ್ತದೆಯೋ, ಮೂಲದಿಂದ ಕಳೆಯುತ್ತದೆಯೋ? ಎರಡು ಬಗೆ ಇವೆ. ಆಕ್ಸಿಲರೇಟೆಡ್ ಬಗೆಯಲ್ಲಿ ಸಾವಿನ ಹಣದ ಒಂದು ಭಾಗವನ್ನೇ ಮುಂಗಡವಾಗಿ ಕೊಡುತ್ತಾರೆ. 50 ಲಕ್ಷದ ಪಾಲಿಸಿಯಲ್ಲಿ ಕಾಯಿಲೆಗೆ 20 ಲಕ್ಷ ಕೊಟ್ಟರೆ ಮುಂದೆ ಮನೆಯವರಿಗೆ ಉಳಿಯುವುದು 30 ಲಕ್ಷ. ಇನ್ನೊಂದು ಬಗೆಯಲ್ಲಿ 20 ಲಕ್ಷ ಪ್ರತ್ಯೇಕ, 50 ಲಕ್ಷ ಹಾಗೆಯೇ ಇರುತ್ತದೆ. ಎರಡನೆಯದಕ್ಕೆ ಪ್ರೀಮಿಯಂ ಜಾಸ್ತಿ. ಮೊದಲನೆಯದು ಕೆಟ್ಟದ್ದೆಂದೇನಲ್ಲ, ಆದರೆ ಗೊತ್ತಿದ್ದು ತೆಗೆದುಕೊಳ್ಳಬೇಕು.

ಮನೆಯಲ್ಲಿ ಆರೋಗ್ಯ ವಿಮೆಯೇ ಇಲ್ಲದಿದ್ದರೆ ಮೊದಲು ಅದನ್ನು ಮಾಡಿಸಿ. ಈ ರೈಡರ್ ಅದರ ಜಾಗ ತುಂಬುವುದಿಲ್ಲ.

*ಪ್ರೀಮಿಯಂ ಮನ್ನಾ ರೈಡರ್.* ಪ್ರೀಮಿಯಂ ಕಟ್ಟುವವರಿಗೆ ಏನಾದರೂ ಆದರೆ ಮುಂದಿನ ಕಂತು ಕಟ್ಟಬೇಕಾಗಿಲ್ಲ, ಪಾಲಿಸಿ ನಡೆಯುತ್ತದೆ. ಮಗುವಿನ ಹೆಸರಿನಲ್ಲಿ ಅಪ್ಪ ಅಥವಾ ಅಮ್ಮ ಪಾಲಿಸಿ ಮಾಡಿಸುವಾಗ ಇದನ್ನು ಸೇರಿಸುವುದು ಒಳ್ಳೆಯದು ಎಂದೇ ಹೇಳುತ್ತೇನೆ. ಮಗುವಿನ ಓದಿಗೆ ಎಂದು ಎತ್ತಿಟ್ಟ ಹಣ, ದುಡಿಯುವವರು ಹೋದ ವರ್ಷವೇ ನಿಂತುಹೋಗಬಾರದು. ಏನಾದರೆ ಮನ್ನಾ ಎಂದು ಮಾತ್ರ ಸರಿಯಾಗಿ ಕೇಳಿ. ಕೆಲವದರಲ್ಲಿ ಸಾವಿಗೆ ಮಾತ್ರ, ಕೆಲವದರಲ್ಲಿ ಅಂಗವೈಕಲ್ಯ ಮತ್ತು ಗಂಭೀರ ಕಾಯಿಲೆಗೂ ಇರುತ್ತದೆ. ಪ್ರೀಮಿಯಂ ದೊಡ್ಡದಿದ್ದಷ್ಟೂ ಈ ರೈಡರಿನ ಉಪಯೋಗ ಜಾಸ್ತಿ. ಸಣ್ಣ ಪ್ರೀಮಿಯಂನ ಟರ್ಮ್ ಪಾಲಿಸಿಗೆ ಅಷ್ಟು ಅಗತ್ಯವಿಲ್ಲ.

*ಟರ್ಮ್ ರೈಡರ್.* ಸಾವಿನ ಮೊತ್ತವನ್ನು ಹೆಚ್ಚಿಸುತ್ತದೆ. ಮೂಲ ಮೊತ್ತದ ಮಿತಿ ಇದಕ್ಕೂ ಇದೆ. ದೊಡ್ಡ ಮೊತ್ತ ಬೇಕಿದ್ದರೆ ಬೇರೆ ಟರ್ಮ್ ಪಾಲಿಸಿಯೇ ಸರಿ.

ಹಂತ 4: ಲೆಕ್ಕ ಹಾಕಿ

ರೈಡರ್ ಪ್ರೀಮಿಯಂಗೂ ಮಿತಿ ಇದೆ. ಆರೋಗ್ಯ ಮತ್ತು ಗಂಭೀರ ಕಾಯಿಲೆ ರೈಡರಿನ ಪ್ರೀಮಿಯಂ ಮೂಲ ಪ್ರೀಮಿಯಂನ ಶೇ. 100 ಮೀರಬಾರದು. ಉಳಿದ ಎಲ್ಲ ರೈಡರ್ ಸೇರಿ ಶೇ. 30 ಮೀರಬಾರದು. ಮೂಲ ಪ್ರೀಮಿಯಂ 20,000 ರೂಪಾಯಿ ಆಗಿದ್ದರೆ ಟರ್ಮ್, ಮನ್ನಾ ಎಲ್ಲ ಸೇರಿ 6,000 ರೂಪಾಯಿಯೊಳಗೆ.

ಲೆಕ್ಕದ ಹಾಳೆಯಲ್ಲಿ ಪ್ರತಿ ರೈಡರಿನ ಪ್ರೀಮಿಯಂ ಬೇರೆ ಬೇರೆ ಸಾಲಿನಲ್ಲಿ ಇರಲಿ. ಒಟ್ಟು ಮೊತ್ತ ಮಾತ್ರ ಹೇಳಿದರೆ ಬಿಡಿಸಿ ಬರೆದುಕೊಡಿ ಎನ್ನಿ. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಜೀವ ವಿಮೆಯ ಪ್ರೀಮಿಯಂ ಮೇಲೆ ಜಿ.ಎಸ್.ಟಿ. ಇಲ್ಲ. ಹಾಳೆಯಲ್ಲಿ ಹಳೆಯ ಶೇ. 18 ಕಂಡರೆ ಕೇಳಿ. ಆದಾಯ ತೆರಿಗೆಯಲ್ಲಿ ಪ್ರೀಮಿಯಂಗೆ ಸಿಗುವ ವಿನಾಯಿತಿ ಹಳೆಯ ತೆರಿಗೆ ಪದ್ಧತಿ ಆರಿಸಿಕೊಂಡವರಿಗೆ ಮಾತ್ರ. ಸುಮ್ನೆ ತೆರಿಗೆ ಉಳಿಯುತ್ತದೆ ಎಂದು ರೈಡರ್ ಕೊಳ್ಳಬೇಡಿ.

ರೈಡರಿಗೆ ಕಟ್ಟಿದ ಹಣ ಸಾಮಾನ್ಯವಾಗಿ ಹಿಂದೆ ಬರುವುದಿಲ್ಲ. ಪಾಲಿಸಿ ಮುಗಿದಾಗ ಮೆಚ್ಯೂರಿಟಿ ಮೊತ್ತದಲ್ಲಿ ಅದು ಸೇರಿರುವುದಿಲ್ಲ. ಇದನ್ನು ಮೊದಲೇ ತಿಳಿದಿದ್ದರೆ ಆಮೇಲೆ ಬೇಸರವಿಲ್ಲ.

ಹಂತ 5: ಪ್ರಪೋಸಲ್ ಫಾರಂ ನೀವೇ ತುಂಬಿಸಿ

ಪ್ರಪೋಸಲ್ ಫಾರಂ ಅಂದರೆ ವಿಮೆ ಕೇಳಿ ಕೊಡುವ ಅರ್ಜಿ. ಕ್ಲೇಮು, ಅಂದರೆ ವಿಮಾ ಹಣದ ಬೇಡಿಕೆ, ತಿರಸ್ಕಾರವಾದರೆ ಕಾರಣ ಹುಡುಕುತ್ತಾ ಹೋಗಿ ನಿಲ್ಲುವುದು ಹೆಚ್ಚಾಗಿ ಈ ಕಾಗದದಲ್ಲಿ. ನಮ್ಮಲ್ಲಿ ಫಾರಂ ಇಂಗ್ಲಿಷಿನಲ್ಲಿರುತ್ತದೆ, ಏಜೆಂಟರು ಮಲಯಾಳದಲ್ಲೋ ತುಳುವಿನಲ್ಲೋ ಕೇಳಿ ತುಂಬುತ್ತಾರೆ, ಸಹಿ ಕನ್ನಡದಲ್ಲಿ ಬೀಳುತ್ತದೆ. ನಡುವೆ ಏನೇನೋ ಬಿಟ್ಟುಹೋಗುತ್ತದೆ. ಫಾರಂ ಬೇರೆಯವರು ತುಂಬಿದರೆ, "ವಿಷಯವನ್ನು ಇವರಿಗೆ ತಿಳಿಯುವ ಭಾಷೆಯಲ್ಲಿ ವಿವರಿಸಿದ್ದೇನೆ" ಎಂಬ ಹೇಳಿಕೆಗೆ ಅವರು ಸಹಿ ಹಾಕಬೇಕು. ನಿಜವಾಗಿ ವಿವರಿಸಿದ ಮೇಲೆಯೇ ನೀವು ಸಹಿ ಮಾಡಿ. ಖಾಲಿ ಫಾರಂಗೆ ಯಾವತ್ತೂ ಸಹಿ ಹಾಕಬೇಡಿ, ಏಜೆಂಟರು ನೆಂಟರೇ ಆಗಿದ್ದರೂ.

ಉದ್ಯೋಗ ಸರಿಯಾಗಿ ಬರೆಸಿ. "ಕೃಷಿ" ಎಂದು ಬರೆಸಿ, ನಿಜವಾಗಿ ಊರೆಲ್ಲ ಮರ ಹತ್ತುವ ಕೆಲಸ ಮಾಡುತ್ತಿದ್ದರೆ ಅಪಘಾತ ಕ್ಲೇಮಿನಲ್ಲಿ ಪ್ರಶ್ನೆ ಏಳುತ್ತದೆ. ಸುರಂಗ ತೋಡುವುದು, ಮೀನುಗಾರಿಕೆ, ಕಲ್ಲುಕೋರೆ ಕೆಲಸ ಇದ್ದರೆ ಹಾಗೆಯೇ ಬರೆಸಿ. ಪ್ರೀಮಿಯಂ ಸ್ವಲ್ಪ ಜಾಸ್ತಿ ಆಗಬಹುದು, ಕೆಲವೊಮ್ಮೆ ರೈಡರ್ ನಿರಾಕರಿಸಲೂಬಹುದು. ಆದರೂ ಈಗಲೇ ತಿಳಿಯುವುದು ಲೇಸು. ಪೊಲೀಸ್ ಇಲಾಖೆಯಲ್ಲಿರುವವರು ಕರ್ತವ್ಯದ ವೇಳೆಯ ಅಪಘಾತ ಸೇರಿದೆಯೇ ಎಂದು ಪ್ರತ್ಯೇಕವಾಗಿ ಕೇಳಬೇಕು.

ಗಲ್ಫ್‌ನಲ್ಲಿ ಕೆಲಸ ಇದ್ದರೆ, ಹೋಗುವ ಯೋಚನೆ ಇದ್ದರೂ, ಬರೆಸಿ. ಶುಗರ್, ಬಿಪಿ, ಹಳೆಯ ಆಪರೇಷನ್, ಬೀಡಿ, ಸಿಗರೇಟು, ಎಲೆಅಡಿಕೆ ಜೊತೆಗಿನ ತಂಬಾಕು ಯಾವುದನ್ನೂ ಮುಚ್ಚಿಡಬೇಡಿ. ತಂಬಾಕು ಹಾಕಿದ ಎಲೆಅಡಿಕೆಯನ್ನು ನಮ್ಮವರು ತಂಬಾಕು ಎಂದು ಲೆಕ್ಕವೇ ಇಡುವುದಿಲ್ಲ. ಕಂಪನಿ ಇಡುತ್ತದೆ.

ಹೆಸರಿನ ಕಾಗುಣಿತ ಇನ್ನೊಂದು ತಲೆನೋವು. ಶಾಲೆಯ ಸರ್ಟಿಫಿಕೇಟ್ ಕನ್ನಡದಲ್ಲಿ, ರೇಷನ್ ಕಾರ್ಡ್ ಮಲಯಾಳದಲ್ಲಿ, ಆಧಾರ್ ಇನ್ನೊಂದು ರೀತಿ. ಇನಿಷಿಯಲ್ ಒಂದರಲ್ಲಿ ಹಿಂದೆ, ಒಂದರಲ್ಲಿ ಮುಂದೆ, ಒಂದರಲ್ಲಿ ಮನೆ ಹೆಸರಾಗಿ ಪೂರ್ತಿ. ಪಾಲಿಸಿಯಲ್ಲಿ ನಿಮ್ಮ ಹೆಸರೂ ನಾಮಿನಿಯ ಹೆಸರೂ ಆಧಾರ್‌ನಲ್ಲಿ ಇರುವಂತೆಯೇ ಅಕ್ಷರ ಅಕ್ಷರ ಹೊಂದಲಿ.

ಹಂತ 6: ಬಾಂಡ್ ಬಂದ ದಿನವೇ ತೆರೆದು ನೋಡಿ

ಬಾಂಡ್ ಕೈಗೆ ಸಿಕ್ಕ ದಿನದಿಂದ 30 ದಿನ ನಿಮ್ಮ ಕೈಯಲ್ಲಿದೆ. ಇದಕ್ಕೆ ಫ್ರೀ ಲುಕ್ ಅವಧಿ ಎನ್ನುತ್ತಾರೆ. ಷರತ್ತು ಒಪ್ಪಿಗೆಯಾಗದಿದ್ದರೆ ಆ ಅವಧಿಯಲ್ಲಿ ಪಾಲಿಸಿ ಹಿಂದಿರುಗಿಸಬಹುದು. ಅಷ್ಟು ದಿನದ ರಕ್ಷಣೆ, ವೈದ್ಯಕೀಯ ಪರೀಕ್ಷೆ, ಸ್ಟಾಂಪ್ ಖರ್ಚು ಕಳೆದು ಉಳಿದದ್ದು ವಾಪಸ್ ಬರುತ್ತದೆ.

ಆಗ ನೋಡಬೇಕಾದದ್ದು: ನೀವು ಕೇಳಿದ ರೈಡರ್ ಪಟ್ಟಿಯಲ್ಲಿ ಇದೆಯೇ, ಅದರ ಮೊತ್ತ ಎಷ್ಟು, ಯಾವ ವರ್ಷದವರೆಗೆ. ರೈಡರಿನ ಅವಧಿ ಮೂಲ ಪಾಲಿಸಿಗಿಂತ ಮೊದಲೇ ಮುಗಿಯಬಹುದು. ಜೊತೆಗೆ ಬರುವ ಗ್ರಾಹಕ ಮಾಹಿತಿ ಪತ್ರವನ್ನೂ ಓದಿ. ಅದನ್ನು ಕನ್ನಡದಲ್ಲಿ ಕೊಡಿ ಎಂದು ಬರೆದು ಕೇಳಿ. ಪ್ರಪೋಸಲ್ ಫಾರಂನ ಪ್ರತಿಯೂ ಬಾಂಡ್ ಜೊತೆ ಇರಬೇಕು. ಅದರಲ್ಲಿ ತಪ್ಪು ಕಂಡರೆ ಕೂಡಲೇ ಲಿಖಿತವಾಗಿ ತಿದ್ದಿಸಿ.

ಹಂತ 7: ಹಳೆಯ ಪಾಲಿಸಿಗೆ ಈಗ ಸೇರಿಸಬಹುದೇ?

ರೈಡರಿನಿಂದ ರೈಡರಿಗೆ ಬೇರೆ. ಎಲ್.ಐ.ಸಿ.ಯ ಅಪಘಾತ ರೈಡರನ್ನು ಪ್ರೀಮಿಯಂ ಕಟ್ಟುವ ಅವಧಿ ಕನಿಷ್ಠ 5 ವರ್ಷ ಉಳಿದಿದ್ದರೆ ನಡುವೆಯೂ ಸೇರಿಸಬಹುದು. ಟರ್ಮ್ ಮತ್ತು ಗಂಭೀರ ಕಾಯಿಲೆ ರೈಡರನ್ನು ಪಾಲಿಸಿ ಶುರುವಾಗುವಾಗಲೇ ತೆಗೆದುಕೊಳ್ಳಬೇಕು. ಬೇರೆ ಕಂಪನಿಗಳಲ್ಲಿ ನಿಯಮ ಬೇರೆ, ಶಾಖೆಯಲ್ಲಿ ಕೇಳಿ.

ಒಂದು ಮುಖ್ಯ ವಿಷಯ. ವಿಮಾ ಕಾಯ್ದೆ 1938ರ 45ನೇ ಸೆಕ್ಷನ್ ಪ್ರಕಾರ 3 ವರ್ಷ ಕಳೆದ ಮೇಲೆ ಪಾಲಿಸಿಯನ್ನು, ಮಾಹಿತಿ ಮುಚ್ಚಿಟ್ಟಿದ್ದಾರೆ ಎಂಬಂಥ ಕಾರಣಕ್ಕೂ, ಕಂಪನಿ ಪ್ರಶ್ನಿಸುವಂತಿಲ್ಲ. ಆದರೆ ಆ 3 ವರ್ಷ ಎಣಿಸುವಾಗ ರೈಡರ್ ಸೇರಿಸಿದ ದಿನವನ್ನೂ, ಲ್ಯಾಪ್ಸ್ ಆದ, ಅಂದರೆ ಕಂತು ಕಟ್ಟದೆ ನಿಂತುಹೋದ ಪಾಲಿಸಿ ಮತ್ತೆ ಚಾಲೂ ಮಾಡಿದ ದಿನವನ್ನೂ ನೋಡುತ್ತಾರೆ. ಯಾವುದು ಕೊನೆಯದೋ ಅಲ್ಲಿಂದ ಲೆಕ್ಕ. ಹತ್ತು ವರ್ಷ ಹಳೆಯ ಪಾಲಿಸಿ ಎಂಬ ಧೈರ್ಯದಲ್ಲಿ ಹೊಸ ರೈಡರಿನ ಅರ್ಜಿಯಲ್ಲಿ ಏನನ್ನೂ ಬಿಡಬೇಡಿ.

ಕಂತು ತಪ್ಪಿಸಬೇಡಿ. ವರ್ಷ, ಅರ್ಧ ವರ್ಷ, ಮೂರು ತಿಂಗಳ ಕಂತಿಗೆ 30 ದಿನ, ತಿಂಗಳ ಕಂತಿಗೆ 15 ದಿನ ರಿಯಾಯಿತಿ ಇದೆ. ಅದು ದಾಟಿದರೆ ಲ್ಯಾಪ್ಸ್. ಉಳಿತಾಯದ ಪಾಲಿಸಿ ಕೆಲವು ವರ್ಷ ಕಟ್ಟಿ ನಿಲ್ಲಿಸಿದರೆ ಪೇಡ್ ಅಪ್ ಆಗಿ ಕಡಿಮೆ ಮೊತ್ತಕ್ಕೆ ಉಳಿದುಕೊಳ್ಳುತ್ತದೆ, ಆದರೆ ರೈಡರ್ ಹಾಗೆ ಉಳಿಯುವುದಿಲ್ಲ. ಅಡಿಕೆ ಮಾರಿದಾಗ ಕಟ್ಟುತ್ತೇವೆ ಎನ್ನುವವರು ವರ್ಷದ ಕಂತನ್ನು ಕೊಯ್ಲಿನ ನಂತರದ ತಿಂಗಳಿಗೆ ಬರುವಂತೆ ಪಾಲಿಸಿ ಶುರು ಮಾಡಿ.

ಹಂತ 8: ಏನಾದರೂ ಆದರೆ ಕಾಗದ ಹೇಗೆ ಮಾಡಿಸಬೇಕು

ಇದನ್ನು ಸ್ವಲ್ಪ ನಿಧಾನವಾಗಿ ಓದಿ. ದುಃಖದ ಹೊತ್ತಿನಲ್ಲಿ ಯಾರಿಗೂ ಇದು ಹೊಳೆಯುವುದಿಲ್ಲ.

ಮರದಿಂದ ಬಿದ್ದೋ ಹಾವು ಕಚ್ಚಿಯೋ ಯಾರಾದರೂ ತೀರಿಕೊಂಡರೆ ಮನೆಯವರು "ಪೋಸ್ಟ್‌ಮಾರ್ಟಂ ಬೇಡ, ದೇಹ ಕೊಯ್ಯಬೇಡಿ" ಎನ್ನುತ್ತಾರೆ. ಆ ನೋವು ಅರ್ಥವಾಗುತ್ತದೆ. ಆದರೆ ಪೊಲೀಸ್ ದಾಖಲೆಯೂ ಪೋಸ್ಟ್‌ಮಾರ್ಟಂ ವರದಿಯೂ ಇಲ್ಲದೆ ಸಾವು ಅಪಘಾತದಿಂದಲೇ ಆಯಿತು ಎಂದು ತೋರಿಸುವುದು ತುಂಬಾ ಕಷ್ಟ. ಮೂಲ ಪಾಲಿಸಿಯ ಹಣ ಸಿಗಬಹುದು, ಅಪಘಾತ ರೈಡರಿನದ್ದು ಕೈ ತಪ್ಪುತ್ತದೆ. ಹತ್ತಿರದ ಬಂಧುಗಳಲ್ಲಿ ಒಬ್ಬರಾದರೂ ಆ ಹೊತ್ತಿನಲ್ಲಿ ಇದನ್ನು ಮನೆಯವರಿಗೆ ಮೆಲ್ಲ ಹೇಳಬೇಕು.

ಸುರಕ್ಷಾ ಬಿಮಾ ಯೋಜನೆಯಲ್ಲಿ ಇದು ಸ್ವಲ್ಪ ಸಡಿಲ. ರಸ್ತೆ, ರೈಲು ಅಪಘಾತ, ನೀರಲ್ಲಿ ಮುಳುಗಿದ್ದು ಪೊಲೀಸರಿಗೆ ವರದಿಯಾಗಬೇಕು. ಹಾವು ಕಡಿತ, ಮರದಿಂದ ಬಿದ್ದದ್ದು ಆದರೆ ತಕ್ಷಣದ ಆಸ್ಪತ್ರೆ ದಾಖಲೆ ಇರಬೇಕು. ಹಾಗಾಗಿ ಆಸ್ಪತ್ರೆಗೆ ಸೇರಿಸುವಾಗ ಮೊದಲ ಚೀಟಿಯಲ್ಲೇ "ಅಡಿಕೆ ಮರದಿಂದ ಬಿದ್ದು" ಎಂದು ಕಾರಣ ಬರೆದಿದೆಯೇ ನೋಡಿ. ಬರೀ "ಬಿದ್ದು ಗಾಯ" ಎಂದಿದ್ದರೆ ವೈದ್ಯರಲ್ಲಿ ಹೇಳಿ ಆಗಲೇ ಸರಿಪಡಿಸಿ.

ಗಡಿ ನಮಗೆ ಇನ್ನೊಂದು ಕೆಲಸ ಕೊಡುತ್ತದೆ. ಬಿದ್ದದ್ದು ಪೆರ್ಲದಲ್ಲಿ, ತೀರಿಕೊಂಡದ್ದು ಮಂಗಳೂರಿನ ಆಸ್ಪತ್ರೆಯಲ್ಲಿ ಆದರೆ ಪೊಲೀಸ್ ದಾಖಲೆ ಎರಡು ರಾಜ್ಯದಲ್ಲಿ ಹರಡುತ್ತದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಎಂಬ ಅಪರಾಧ ಪ್ರಕ್ರಿಯೆಯ ಕಾನೂನಿನಲ್ಲಿ ಘಟನೆ ಎಲ್ಲಿ ನಡೆದಿದ್ದರೂ ಯಾವ ಠಾಣೆಯಲ್ಲೂ ದೂರು ಕೊಡಬಹುದು. ಅದನ್ನು ಜೀರೋ ಎಫ್.ಐ.ಆರ್. ಎನ್ನುತ್ತಾರೆ. ಆಮೇಲೆ ಸಂಬಂಧಪಟ್ಟ ಠಾಣೆಗೆ ಅದು ಹೋಗುತ್ತದೆ. ಎರಡೂ ಠಾಣೆಯ ಕ್ರೈಂ ನಂಬರ್ ಬರೆದಿಟ್ಟುಕೊಳ್ಳಿ. ಕೇರಳ ಪೊಲೀಸರ ಎಫ್.ಐ.ಆರ್. ಪ್ರತಿಯನ್ನು ತುಣ ಪೋರ್ಟಲಿನಲ್ಲಿ ಪಡೆಯಬಹುದು, ಆಗದಿದ್ದರೆ ಸರ್ಕಾರಿ ಆನ್‌ಲೈನ್ ಸೇವೆ ಕೊಡುವ ಅಕ್ಷಯ ಕೇಂದ್ರದಲ್ಲಿ ಸಹಾಯ ಕೇಳಿ. ಮರಣ ನೋಂದಣಿ ಸಾವು ಸಂಭವಿಸಿದ ಊರಿನಲ್ಲೇ ಆಗುತ್ತದೆ. ಮಂಗಳೂರಿನಲ್ಲಿ ತೀರಿಕೊಂಡರೆ ಮರಣ ಪತ್ರ ಅಲ್ಲಿಂದಲೇ.

ಕಾಸರಗೋಡಿನ ಕನ್ನಡಿಗರಿಗೆ ಸರ್ಕಾರಿ ಕಚೇರಿಗಳ ಜೊತೆ ಕನ್ನಡದಲ್ಲೇ ಪತ್ರ ವ್ಯವಹಾರ ಮಾಡುವ ಹಕ್ಕು ಇದೆ. ದೂರನ್ನು ಕನ್ನಡದಲ್ಲಿ ಬರೆದು ಕೊಡಿ. ಅರ್ಥವಾಗದ ಹೇಳಿಕೆಗೆ ಸಹಿ ಹಾಕುವುದಕ್ಕಿಂತ ಅದು ಸುರಕ್ಷಿತ. ಪಾಲಿಸಿ ಮಂಗಳೂರು ಶಾಖೆಯದ್ದಾಗಿದ್ದು ಮಲಯಾಳದ ಕಾಗದಕ್ಕೆ ಅನುವಾದ ಕೇಳಿದರೆ, ಇಂಗ್ಲಿಷಿಗೆ ಮಾಡಿಸಿ ನೋಟರಿಯ ಸಹಿ ಹಾಕಿಸಿ ಮೂಲದ ಜೊತೆ ಕೊಡಿ.

ಕ್ಲೇಮಿಗೆ ಸಾಮಾನ್ಯವಾಗಿ ಬೇಕಾಗುವುದು: ಬಾಂಡ್, ಮರಣ ಪತ್ರ, ಎಫ್.ಐ.ಆರ್., ಪಂಚನಾಮೆ, ಪೋಸ್ಟ್‌ಮಾರ್ಟಂ ವರದಿ, ಪೊಲೀಸರ ಅಂತಿಮ ವರದಿ, ಆಸ್ಪತ್ರೆ ಕಾಗದ, ನಾಮಿನಿಯ ಗುರುತಿನ ಚೀಟಿ ಮತ್ತು ಬ್ಯಾಂಕ್ ವಿವರ. ಅಂತಿಮ ವರದಿ ತಡವಾಗಬಹುದು. ಅದಕ್ಕಾಗಿ ಕಾಯುತ್ತಾ ಕೂರದೆ ಮೂಲ ಪಾಲಿಸಿಯ ಕ್ಲೇಮು ಮೊದಲು ಕೊಡಿ. ಜೊತೆಗೇ "ಅಪಘಾತ ರೈಡರ್ ಕ್ಲೇಮೂ ಇದೆ, ವರದಿ ಬಂದ ಮೇಲೆ ಕೊಡುತ್ತೇವೆ" ಎಂದು ಬರೆದು ಕೊಟ್ಟು ಸ್ವೀಕೃತಿ ಪಡೆಯಿರಿ. ರೈಡರ್ ಇದೆ ಎಂದೇ ಗೊತ್ತಿಲ್ಲದೆ ಮೂಲ ಹಣ ಮಾತ್ರ ತೆಗೆದುಕೊಂಡು ಸುಮ್ಮನಾದ ಕುಟುಂಬಗಳಿವೆ. ಬಾಂಡಿನ ರೈಡರ್ ಪುಟಕ್ಕೆ ಒಂದು ಗುರುತು ಹಾಕಿ ನಾಮಿನಿಗೆ ಇವತ್ತೇ ತೋರಿಸಿ.

ತನಿಖೆ ಬೇಡದ ಮರಣ ಕ್ಲೇಮನ್ನು 15 ದಿನದಲ್ಲಿ, ತನಿಖೆ ಬೇಕಾದದ್ದನ್ನು 45 ದಿನದಲ್ಲಿ ಕಂಪನಿ ತೀರ್ಮಾನಿಸಬೇಕು.

ಹಂತ 9: ತಿರಸ್ಕರಿಸಿದರೆ

ಬಾಯಿಮಾತಿನ "ಆಗಲ್ಲ" ಒಪ್ಪಬೇಡಿ. ಯಾವ ಷರತ್ತಿನ ಪ್ರಕಾರ ಇಲ್ಲ ಎಂದು ಬರೆದು ಕೊಡಲು ಹೇಳಿ. ಆ ಷರತ್ತನ್ನು ನಿಮ್ಮ ಬಾಂಡಿನ ಪುಟದ ಜೊತೆ ಇಟ್ಟು ಓದಿ. ಮೊದಲು ಕಂಪನಿಯ ದೂರು ಅಧಿಕಾರಿಗೆ ಬರೆಯಿರಿ. ವಿಮಾ ನಿಯಂತ್ರಣ ಪ್ರಾಧಿಕಾರದ ಬಿಮಾ ಭರೋಸಾ ಪೋರ್ಟಲಿನಲ್ಲೂ ದೂರು ದಾಖಲಿಸಬಹುದು. ಅದರ ಉಚಿತ ಸಂಖ್ಯೆ 155255.

ಒಂದು ತಿಂಗಳಲ್ಲಿ ಉತ್ತರ ಬರದಿದ್ದರೆ ಅಥವಾ ಉತ್ತರ ಸರಿ ಕಾಣದಿದ್ದರೆ ವಿಮಾ ಒಂಬುಡ್ಸ್‌ಮನ್ ಬಳಿ ಹೋಗಿ. ವಿಮಾ ದೂರು ಕೇಳಿ ತೀರ್ಮಾನಿಸಲು ನೇಮಿಸಿದ ಅಧಿಕಾರಿ ಇವರು. ಶುಲ್ಕ ಇಲ್ಲ, ವಕೀಲರು ಬೇಡ. ಕಂಪನಿ ತಿರಸ್ಕರಿಸಿದ ಒಂದು ವರ್ಷದೊಳಗೆ ಹೋಗಬೇಕು. 50 ಲಕ್ಷ ರೂಪಾಯಿವರೆಗಿನ ವ್ಯಾಜ್ಯ ಅಲ್ಲಿ ತೀರುತ್ತದೆ. ಕೇರಳದ ಕಚೇರಿ ಕೊಚ್ಚಿಯಲ್ಲಿದೆ, ಕರ್ನಾಟಕದ್ದು ಬೆಂಗಳೂರಿನಲ್ಲಿ. ದೂರುದಾರರು ವಾಸಿಸುವ ಊರು ಅಥವಾ ಕಂಪನಿಯ ಶಾಖೆ ಇರುವ ಊರು, ಎರಡರಲ್ಲಿ ಯಾವುದರ ಆಧಾರದ ಮೇಲೂ ಕಚೇರಿ ಆರಿಸಬಹುದು. ಅಂದರೆ ಮಂಗಳೂರು ಶಾಖೆಯ ಪಾಲಿಸಿ ಇರುವ ಉಪ್ಪಳದವರು ಬೆಂಗಳೂರಿಗೂ ಬರೆಯಬಹುದು. ಕನ್ನಡದಲ್ಲಿ ಮಾತಾಡಿ ವಿವರಿಸಲು ಅದು ಅನುಕೂಲ. ದೂರನ್ನು ಆನ್‌ಲೈನಿನಲ್ಲೇ ಕೊಡಬಹುದು, ವಿಚಾರಣೆಯೂ ವಿಡಿಯೋ ಮೂಲಕ ನಡೆಯಬಹುದು.

ತೀರ್ಪು ನಿಮ್ಮ ಪರವಾಗಿ ಬಂದರೆ ಕಂಪನಿ 30 ದಿನದಲ್ಲಿ ಪಾಲಿಸಬೇಕು. ಇನ್ನೊಂದು ದಾರಿ ಜಿಲ್ಲಾ ಗ್ರಾಹಕ ಆಯೋಗ, ಅದು ಕಾಸರಗೋಡಿನಲ್ಲೇ ಇದೆ. ಎರಡೂ ಕಡೆ ಒಟ್ಟಿಗೆ ಹೋಗಬೇಡಿ. ಆಯೋಗದಲ್ಲಿ ಕೇಸು ನಡೆಯುತ್ತಿದ್ದರೆ ಒಂಬುಡ್ಸ್‌ಮನ್ ಅದೇ ದೂರನ್ನು ತೆಗೆದುಕೊಳ್ಳುವುದಿಲ್ಲ.